ಎಣಿಕೆ ತಪ್ಪಿದ ಉಗ್ರಾಣ: ಲಿನಕ್ಸ್ ಮೆಮೊರಿ ನಿರ್ವಹಣೆಯ ಒಂದು ನಿಧಾನಗತಿಯೂ ಅದರ ಪರಿಹಾರವೂ

ಕಂಪ್ಯೂಟರ್ ನಿಧಾನವಾಯಿತೆಂಬ ದೂರು ಬಂದಾಗ ಯಂತ್ರ ಹಳೆಯದಾಯಿತೆಂದೋ, ಮೆಮೊರಿ ಸಾಲದೆಂದೋ, ವೈರಸ್ ಹೊಕ್ಕಿದೆಯೆಂದೋ ಹೇಳುವುದು ವಾಡಿಕೆ. ಆದರೆ ಯಂತ್ರ ಹೊಸದಾಗಿದ್ದು, ಮೆಮೊರಿ ಧಾರಾಳವಾಗಿದ್ದು, ಯಾವ ದೋಷವೂ ಕಣ್ಣಿಗೆ ಬೀಳದಿದ್ದರೂ, ಮೂರು ಸೆಕೆಂಡುಗಳಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಒಂಬತ್ತು ಸೆಕೆಂಡುಗಳು ಹಿಡಿಯುವ ಸಂದರ್ಭಗಳಿವೆ. ಅಂಥ ನಿಧಾನಗತಿಯ ಮೂಲ ಎಷ್ಟೋ ವೇಳೆ ಆಪರೇಟಿಂಗ್ ಸಿಸ್ಟಂನ ಒಳಗೆ, ಅದರಲ್ಲೂ ಮೆಮೊರಿಯನ್ನು ಹಂಚಿಕೊಡುವ ಕೋಡ್‌ನಲ್ಲಿ ಅಡಗಿರುತ್ತದೆ. 2020ರ ಡಿಸೆಂಬರ್‌ನಲ್ಲಿ ಲಿನಕ್ಸ್ ಕರ್ನೆಲ್‌ಗೆ ಸೇರಿದ ಒಂದು ಚಿಕ್ಕ ಬದಲಾವಣೆಯಿಂದ ಮುಂದಿನ ತಿಂಗಳೇ ದೊಡ್ಡ ಯಂತ್ರಗಳಲ್ಲಿ ಇಂಥ ನಿಧಾನಗತಿ ಕಾಣಿಸಿಕೊಂಡು, 2021ರ ಫೆಬ್ರವರಿಯಲ್ಲಿ ಅದಕ್ಕೆ ಪರಿಹಾರವೂ ದೊರೆಯಿತು. ಆ ಬದಲಾವಣೆಯನ್ನು ಬರೆದವರು ಐಬಿಎಂ ಸಂಸ್ಥೆಯ ಭಾರತದ ಲಿನಕ್ಸ್ ತಂಡದಲ್ಲಿದ್ದ ಎಂಜಿನಿಯರ್ ಭರತ ಬಿ. ರಾವ್, ನಿಧಾನಗತಿಯನ್ನು ಗುರುತಿಸಿದವರು ಮತ್ತು ಸರಿಪಡಿಸಿದವರು ಯುರೋಪಿನ ಎಂಜಿನಿಯರುಗಳು.

ಈ ಪ್ರಸಂಗದಲ್ಲಿ ಯಾರೂ ಅಜಾಗರೂಕರಾಗಿರಲಿಲ್ಲ, ಯಾರ ತರ್ಕವೂ ಅಡ್ಡದಾರಿ ಹಿಡಿದಿರಲಿಲ್ಲ ಎಂಬುದೇ ಇದನ್ನು ವಿವರವಾಗಿ ತಿಳಿಯಬೇಕೆನ್ನಲು ಕಾರಣ. ಮೆಮೊರಿ ನಿರ್ವಹಣೆಯಲ್ಲಿ ಎಲ್ಲ ಯಂತ್ರಗಳಿಗೂ ಒಪ್ಪುವ ಊಹೆ ಬಹಳ ವಿರಳ. ಒಂದು ಬಗೆಯ ಯಂತ್ರದಲ್ಲಿ ಪೂರ್ತಿ ಸರಿಯಾದ ಊಹೆ ಇನ್ನೊಂದು ಬಗೆಯ ಯಂತ್ರದಲ್ಲಿ ಹಾನಿ ಮಾಡಬಲ್ಲದು, ಮತ್ತು ಹಾಗಾಗಿದೆಯೆಂಬುದು ಅಳೆದು ನೋಡಿದಾಗಲಷ್ಟೇ ಗೊತ್ತಾಗುತ್ತದೆ.

ಪುಟ ಮತ್ತು ಸ್ಲ್ಯಾಬ್

ಕಂಪ್ಯೂಟರಿನ ಯಂತ್ರಭಾಗಕ್ಕೂ ಬಳಕೆದಾರರ ತಂತ್ರಾಂಶಗಳಿಗೂ ನಡುವೆ ನಿಂತು, ಯಾವ ತಂತ್ರಾಂಶಕ್ಕೆ ಎಷ್ಟು ಮೆಮೊರಿ, ಎಷ್ಟು ಹೊತ್ತು ಪ್ರೊಸೆಸರ್ ಎಂಬುದನ್ನು ತೀರ್ಮಾನಿಸುವ ಮೂಲ ತಂತ್ರಾಂಶವೇ ಆಪರೇಟಿಂಗ್ ಸಿಸ್ಟಂ. ಅದರ ತಿರುಳಿಗೆ ಕರ್ನೆಲ್ ಎಂದು ಹೆಸರು. ಫಿನ್ಲೆಂಡಿನಲ್ಲಿ ವಿದ್ಯಾರ್ಥಿಯಾಗಿದ್ದ ಲೀನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಕರ್ನೆಲ್ ಇಂದು ಆಂಡ್ರಾಯ್ಡ್ ಫೋನುಗಳಲ್ಲಿಯೂ, ಅಂತರ್ಜಾಲದ ಸರ್ವರ್‌ಗಳಲ್ಲಿಯೂ ನಡೆಯುತ್ತದೆ. 2017ರ ನವೆಂಬರ್‌ನಿಂದೀಚೆಗೆ ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರುಗಳ ಪಟ್ಟಿಯಲ್ಲಿರುವ ಪ್ರತಿಯೊಂದು ಯಂತ್ರವೂ ಅದನ್ನೇ ಬಳಸುತ್ತಿದೆ.

ಕರ್ನೆಲ್ ಮೆಮೊರಿಯನ್ನು ಪುಟಗಳೆಂಬ ಸಮಾನ ತುಂಡುಗಳಾಗಿ ವಿಂಗಡಿಸಿಕೊಳ್ಳುತ್ತದೆ. ಮನೆ ಮತ್ತು ಕಚೇರಿಗಳಲ್ಲಿ ಸಾಮಾನ್ಯವಾಗಿರುವ ಇಂಟೆಲ್, ಎಎಂಡಿ ಪ್ರೊಸೆಸರ್‌ಗಳ ಯಂತ್ರಗಳಲ್ಲಿ ಒಂದು ಪುಟವೆಂದರೆ 4 ಕಿಲೋಬೈಟ್. ಐಬಿಎಂನ ಪವರ್ ಪ್ರೊಸೆಸರ್‌ಗಳ ಸರ್ವರ್‌ಗಳಲ್ಲಿ ಸಾಮಾನ್ಯವಾಗಿ 64 ಕಿಲೋಬೈಟ್. ಪುಟಗಳನ್ನು ಹಂಚುವ ವಿಭಾಗವು ಕೇಳಿದವರಿಗೆ 1, 2, 4, 8 ಹೀಗೆ ಇಮ್ಮಡಿಯಾಗುತ್ತ ಹೋಗುವ ಗುಂಪುಗಳಲ್ಲಿ ಅಕ್ಕಪಕ್ಕದ ಪುಟಗಳನ್ನು ಕೊಡುತ್ತದೆ. ಆದರೆ ಕರ್ನೆಲ್‌ಗೆ ದಿನನಿತ್ಯ ಬೇಕಾಗುವುದು ಇಡೀ ಪುಟಗಳಲ್ಲ; ತೆರೆದ ಕಡತವೊಂದರ ವಿವರ, ಜಾಲದ ಮೂಲಕ ಬಂದ ಸಂದೇಶವೊಂದರ ತಲೆಬರಹ, ಹೊಸದಾಗಿ ಹುಟ್ಟಿದ ಪ್ರಕ್ರಿಯೆಯೊಂದರ ದಾಖಲೆ ಮುಂತಾದ ನೂರಾರು ಬೈಟ್‌ಗಳ ಚಿಕ್ಕ ವಸ್ತುಗಳು. ಇವು ಸೆಕೆಂಡಿಗೆ ಲಕ್ಷಾಂತರ ಸಂಖ್ಯೆಯಲ್ಲಿ ಹುಟ್ಟಿ ಅಳಿಯುವುದರಿಂದ ಪ್ರತಿಯೊಂದಕ್ಕೂ ಒಂದೊಂದು ಪುಟ ಕೊಡುತ್ತ ಹೋದರೆ ಮೆಮೊರಿಯೂ ಸಮಯವೂ ಎರಡೂ ಪೋಲಾಗುತ್ತವೆ.

ಇದಕ್ಕೆ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯ ಜೆಫ್ ಬಾನ್‌ವಿಕ್ 1994ರಲ್ಲಿ ಸೊಲಾರಿಸ್ ಎಂಬ ಆಪರೇಟಿಂಗ್ ಸಿಸ್ಟಂಗಾಗಿ ರೂಪಿಸಿದ ಉಪಾಯ ಸ್ಲ್ಯಾಬ್ ಪದ್ಧತಿ. ಒಂದೋ ಕೆಲವೋ ಪುಟಗಳನ್ನು ಒಟ್ಟಿಗೆ ತಂದು, ಅದನ್ನು ಒಂದೇ ಅಳತೆಯ ಖಾನೆಗಳಾಗಿ ವಿಂಗಡಿಸಿಟ್ಟು, ಬೇಕಾದಾಗ ಖಾಲಿ ಖಾನೆಯನ್ನು ಕೊಟ್ಟು, ಕೆಲಸ ಮುಗಿದ ಮೇಲೆ ಮರಳಿ ಪಡೆಯುವುದು ಇದರ ಸಾರ. ಹಾಗೆ ಒಟ್ಟಿಗೆ ತಂದ ಪುಟಗಳ ಗುಂಪೇ ಸ್ಲ್ಯಾಬ್. ಲಿನಕ್ಸ್‌ನಲ್ಲಿ ಈ ಕೆಲಸವನ್ನು ಇಂದು ಮಾಡುತ್ತಿರುವುದು ಕ್ರಿಸ್ಟಾಫ್ ಲ್ಯಾಮಿಟರ್ ಬರೆದು 2007ರಲ್ಲಿ ಸೇರ್ಪಡೆಯಾದ ಸ್ಲಬ್ ಎಂಬ ವಿಭಾಗ. ಅದರಲ್ಲಿ ಪ್ರತಿಯೊಂದು ಪ್ರೊಸೆಸರ್‌ಗೂ ತನ್ನದೇ ಆದ ಸ್ಲ್ಯಾಬ್ ಇರುತ್ತದೆ. ಅದರಲ್ಲಿ ಖಾಲಿ ಖಾನೆಗಳಿರುವವರೆಗೆ ಪ್ರೊಸೆಸರ್ ಯಾರ ಹಂಗೂ ಇಲ್ಲದೆ ತನ್ನ ಕೆಲಸ ಮಾಡಿಕೊಳ್ಳುತ್ತದೆ, ಅವು ಮುಗಿದಾಗ ಮಾತ್ರ ಎಲ್ಲರಿಗೂ ಸೇರಿದ ಪುಟಗಳ ಸಂಗ್ರಹಕ್ಕೆ ಹೋಗುತ್ತದೆ. ಆ ಸಂಗ್ರಹವನ್ನು ಇಬ್ಬರು ಒಮ್ಮೆಗೇ ಮುಟ್ಟಿದರೆ ಲೆಕ್ಕ ಕೆಡುವುದರಿಂದ ಅದಕ್ಕೆ ಲಾಕ್ ಇರುತ್ತದೆ. ಒಂದು ಪ್ರೊಸೆಸರ್ ಅದನ್ನು ಹಿಡಿದಿರುವಾಗ ಉಳಿದವು ಕಾಯಲೇಬೇಕು.

ಪಾತ್ರೆ ಎಷ್ಟು ದೊಡ್ಡದಿರಬೇಕು

ಮದುವೆಮನೆಯ ಊಟದ ವ್ಯವಸ್ಥೆಯನ್ನು ನೋಡಿದವರಿಗೆ ಇಲ್ಲಿನ ಸಮಸ್ಯೆ ಬೇಗ ಹಿಡಿತಕ್ಕೆ ಬರುತ್ತದೆ. ಬಡಿಸುವವರು ಉಗ್ರಾಣದಿಂದ ಪಾತ್ರೆಗಳಲ್ಲಿ ತುಂಬಿಸಿಕೊಂಡು ಪಂಕ್ತಿಗೆ ಹೋಗುತ್ತಾರೆ. ಪಾತ್ರೆ ಚಿಕ್ಕದಾದರೆ ನಾಲ್ಕು ಎಲೆಗೆ ಬಡಿಸುವಷ್ಟರಲ್ಲಿ ಬರಿದಾಗಿ ಎಲ್ಲರೂ ಮತ್ತೆ ಮತ್ತೆ ಉಗ್ರಾಣದ ಬಾಗಿಲಿಗೆ ಬರುತ್ತಾರೆ, ಅಲ್ಲಿ ನೂಕುನುಗ್ಗಲಾಗುತ್ತದೆ. ಪಾತ್ರೆ ತೀರ ದೊಡ್ಡದಾದರೆ ನುಗ್ಗಲು ತಪ್ಪುತ್ತದೆ, ಆದರೆ ಪ್ರತಿಯೊಬ್ಬರ ಪಾತ್ರೆಯ ತಳದಲ್ಲಿಯೂ ಒಂದಷ್ಟು ಪದಾರ್ಥ ಯಾರಿಗೂ ಸಿಗದೆ ಉಳಿದುಹೋಗುತ್ತದೆ. ಬಡಿಸುವವರು ಇಬ್ಬರೇ ಇದ್ದಾಗ ಚಿಕ್ಕ ಪಾತ್ರೆಯೇ ಸಾಕು, ಇನ್ನೂರು ಮಂದಿ ಇದ್ದಾಗ ದೊಡ್ಡದೇ ಬೇಕು. ಸ್ಲ್ಯಾಬ್‌ನ ಗಾತ್ರವನ್ನು ಪ್ರೊಸೆಸರ್‌ಗಳ ಸಂಖ್ಯೆಯ ಮೇಲೆ ನಿರ್ಧರಿಸುವ ಕ್ರಮ ಬಂದದ್ದು ಈ ತಿಳಿವಳಿಕೆಯಿಂದಲೇ.

ಸ್ಲಬ್ ಬಳಸುತ್ತಿದ್ದ ಸೂತ್ರ ಸರಳವಾಗಿತ್ತು: ಪ್ರೊಸೆಸರ್‌ಗಳ ಸಂಖ್ಯೆಯನ್ನು ದ್ವಿಮಾನ ಪದ್ಧತಿಯಲ್ಲಿ, ಅಂದರೆ ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕಿಗಳಲ್ಲಿ ಬರೆದಾಗ ಎಷ್ಟು ಸ್ಥಾನಗಳಾಗುತ್ತವೆಯೋ ಅದಕ್ಕೆ ಒಂದನ್ನು ಕೂಡಿಸಿ ನಾಲ್ಕರಿಂದ ಗುಣಿಸಬೇಕು; ಬಂದ ಉತ್ತರವೇ ಒಂದು ಸ್ಲ್ಯಾಬ್‌ನಲ್ಲಿ ಇರಬೇಕಾದ ಖಾನೆಗಳ ಕನಿಷ್ಠ ಸಂಖ್ಯೆ. ಒಂದೇ ಪ್ರೊಸೆಸರ್ ಇದ್ದರೆ ದ್ವಿಮಾನದಲ್ಲಿ ಒಂದು ಸ್ಥಾನ, ಆದ್ದರಿಂದ 8 ಖಾನೆಗಳು. 224 ಪ್ರೊಸೆಸರ್‌ಗಳಿದ್ದರೆ ಎಂಟು ಸ್ಥಾನಗಳು, ಆದ್ದರಿಂದ 36 ಖಾನೆಗಳು. 512 ಬೈಟ್‌ಗಳ ವಸ್ತುವೊಂದನ್ನು ತೆಗೆದುಕೊಂಡರೆ, 4 ಕಿಲೋಬೈಟ್‌ನ ಒಂದು ಪುಟದಲ್ಲಿ ಅಂಥವು ಸರಿಯಾಗಿ 8 ಹಿಡಿಯುತ್ತವೆ. ಹಾಗಾಗಿ ಮೊದಲನೆಯ ಲೆಕ್ಕಕ್ಕೆ ಒಂದೇ ಪುಟದ ಸ್ಲ್ಯಾಬ್ ಸಾಕು. 36 ಖಾನೆಗಳಿಗೆ ಐದು ಪುಟಗಳಾದರೂ ಬೇಕು, ಪುಟಗಳು ದೊರೆಯುವುದು ಇಮ್ಮಡಿಯ ಗುಂಪುಗಳಲ್ಲಿ ಮಾತ್ರವಾದ್ದರಿಂದ ಎಂಟು ಪುಟಗಳ ಸ್ಲ್ಯಾಬ್ ತರಬೇಕಾಗುತ್ತದೆ, ಅದರಲ್ಲಿ 64 ವಸ್ತುಗಳು ಹಿಡಿಯುತ್ತವೆ. ಅಂದರೆ ಎಣಿಕೆ 224ರ ಬದಲು 1 ಎಂದಾದರೆ, ಒಂದು ಸಲ ಉಗ್ರಾಣಕ್ಕೆ ಹೋಗಿ ತರಬಹುದಾಗಿದ್ದುದನ್ನು ಎಂಟು ಸಲ ಹೋಗಿ ತರಬೇಕಾಗುತ್ತದೆ.

ಬದಲಾವಣೆ ಬಂದದ್ದೇಕೆ

ಸೂತ್ರಕ್ಕೆ ಬೇಕಾದ ಪ್ರೊಸೆಸರ್‌ಗಳ ಸಂಖ್ಯೆ ಎಲ್ಲಿಂದ ಬರಬೇಕೆಂಬ ಪ್ರಶ್ನೆ ಮೇಲ್ನೋಟಕ್ಕೆ ಕ್ಷುಲ್ಲಕವೆನಿಸಿದರೂ ಇಡೀ ಪ್ರಸಂಗದ ಕೇಂದ್ರ ಅದೇ. ಕರ್ನೆಲ್ ಪ್ರೊಸೆಸರ್‌ಗಳನ್ನು ಒಂದಕ್ಕಿಂತ ಹೆಚ್ಚು ಬಗೆಯಲ್ಲಿ ಎಣಿಸುತ್ತದೆ. ಈ ಯಂತ್ರಕ್ಕೆ ಎಂದಾದರೂ ಸೇರಿಸಲು ಸಾಧ್ಯವಿರುವ ಪ್ರೊಸೆಸರ್‌ಗಳು ಮೊದಲನೆಯ ಎಣಿಕೆ. ಯಂತ್ರದಲ್ಲಿ ಈಗ ವಾಸ್ತವವಾಗಿ ಇರುವವು ಎರಡನೆಯದು. ಇರುವವುಗಳಲ್ಲಿ ಚಾಲನೆಗೆ ಬಂದು ಕೆಲಸ ಮಾಡುತ್ತಿರುವವು ಮೂರನೆಯದು. ಸಾಮಾನ್ಯ ಲ್ಯಾಪ್‌ಟಾಪ್‌ನಲ್ಲಿ ಇವುಗಳ ನಡುವೆ ಹೆಚ್ಚಿನ ಅಂತರ ಇರುವುದಿಲ್ಲ. ಆದರೆ ಒಂದೇ ದೊಡ್ಡ ಯಂತ್ರವನ್ನು ಹಲವು ಕಾಲ್ಪನಿಕ ಯಂತ್ರಗಳಾಗಿ ಹಂಚಿ, ಬೇಡಿಕೆ ಬಂದಂತೆ ಪ್ರೊಸೆಸರ್‌ಗಳನ್ನು ಸೇರಿಸುವ ತೆಗೆಯುವ ಸೌಲಭ್ಯವಿರುವ ಪವರ್ ಸರ್ವರ್‌ಗಳಲ್ಲಿ ಸಾಧ್ಯ ಸಂಖ್ಯೆ ಬಹಳ ದೊಡ್ಡದಾಗಿದ್ದು ಚಾಲನೆಯಲ್ಲಿರುವ ಸಂಖ್ಯೆ ತೀರ ಚಿಕ್ಕದಾಗಿರಬಹುದು.

ಸ್ಲಬ್ ಅಲ್ಲಿಯವರೆಗೆ ನೆಚ್ಚಿಕೊಂಡಿದ್ದುದು ಸಾಧ್ಯ ಸಂಖ್ಯೆಯನ್ನು. 1024 ಪ್ರೊಸೆಸರ್‌ಗಳಿಗೆ ಅವಕಾಶವಿದ್ದು 16 ಮಾತ್ರ ಕೆಲಸ ಮಾಡುತ್ತಿರುವ ಪವರ್ ಯಂತ್ರವೊಂದನ್ನು ಊಹಿಸಿಕೊಂಡರೆ, 1024ರ ಲೆಕ್ಕದಲ್ಲಿ 4 ಕಿಲೋಬೈಟ್‌ನ ವಸ್ತುವಿಗೆ ಕನಿಷ್ಠ 48 ಖಾನೆಗಳು, ಅಂದರೆ 64 ಕಿಲೋಬೈಟ್‌ನ ನಾಲ್ಕು ಪುಟಗಳು, ಒಟ್ಟು 256 ಕಿಲೋಬೈಟ್‌ನ ಸ್ಲ್ಯಾಬ್ ಬೇಕಾಗುತ್ತದೆ. 16ರ ಲೆಕ್ಕದಲ್ಲಿ 24 ಖಾನೆಗಳು, ಎರಡು ಪುಟಗಳು, 128 ಕಿಲೋಬೈಟ್ ಸಾಕು. ಕರ್ನೆಲ್‌ನಲ್ಲಿ ಇಂಥ ವಸ್ತುಗಳ ಬಗೆಗಳು ನೂರರ ಲೆಕ್ಕದಲ್ಲಿದ್ದು, ಪ್ರತಿಯೊಂದು ಬಗೆಗೂ ಪ್ರತಿಯೊಂದು ಪ್ರೊಸೆಸರ್‌ಗೂ ಬೇರೆ ಬೇರೆ ಸ್ಲ್ಯಾಬ್ ಇರುವುದರಿಂದ ಬಳಕೆಯಾಗದೆ ಉಳಿಯುವ ಮೆಮೊರಿಯ ಮೊತ್ತ ಸಣ್ಣದಾಗಿರಲಿಲ್ಲ. ಈ ವ್ಯರ್ಥವನ್ನು ತಡೆಯಲು, ಸಾಧ್ಯ ಸಂಖ್ಯೆಯ ಬದಲು ಚಾಲನೆಯಲ್ಲಿರುವ ಪ್ರೊಸೆಸರ್‌ಗಳ ಸಂಖ್ಯೆಯನ್ನು ಸೂತ್ರಕ್ಕೆ ಒದಗಿಸಬೇಕೆಂದು ಭರತ ರಾವ್ ಸೂಚಿಸಿದರು. ಮೆಮೊರಿ ವಿಭಾಗದ ಹಿರಿಯರು ಪರಿಶೀಲಿಸಿ ಒಪ್ಪಿದ ಮೇಲೆ ಆ ಬದಲಾವಣೆ 5.11ನೆಯ ಆವೃತ್ತಿಗಾಗಿ ಕರ್ನೆಲ್‌ಗೆ ಸೇರಿತು. ಬಡಿಸಲು ಬರಬಹುದಾದವರನ್ನಲ್ಲ, ಬಂದವರನ್ನು ಎಣಿಸಿ ಪಾತ್ರೆ ಕೊಡಬೇಕೆಂಬ ಈ ವಿಚಾರದಲ್ಲಿ ತಪ್ಪು ಹುಡುಕುವುದು ಕಷ್ಟ.

ನಿಧಾನಗತಿ ಬಯಲಾದ ಬಗೆ

2021ರ ಜನವರಿಯಲ್ಲಿ, 5.11ರ ನಾಲ್ಕನೆಯ ಪರೀಕ್ಷಾ ಆವೃತ್ತಿ ಹೊರಬಂದಿದ್ದಾಗ, ಲಿನಾರೊ ಸಂಸ್ಥೆಯ ವಿನ್ಸೆಂಟ್ ಗಿಟೊ ಆರ್ಮ್ ಮಾದರಿಯ 224 ಪ್ರೊಸೆಸರ್‌ಗಳ ಒಂದು ಸರ್ವರ್‌ನಲ್ಲಿ ಹ್ಯಾಕ್‌ಬೆಂಚ್ ಎಂಬ ಪರೀಕ್ಷೆಯನ್ನು ಓಡಿಸಿದರು. ನೂರಾರು ಪ್ರಕ್ರಿಯೆಗಳು ಗುಂಪುಗಳಾಗಿ ಪರಸ್ಪರ ಚಿಕ್ಕ ಚಿಕ್ಕ ಸಂದೇಶಗಳನ್ನು ಎಡೆಬಿಡದೆ ಕಳುಹಿಸುವುದೇ ಆ ಪರೀಕ್ಷೆ. ಪ್ರತಿಯೊಂದು ಸಂದೇಶಕ್ಕೂ ಕರ್ನೆಲ್ ಚಿಕ್ಕ ವಸ್ತುಗಳನ್ನು ಹುಟ್ಟಿಸಿ ಅಳಿಸಬೇಕಾಗುವುದರಿಂದ, ಪ್ರಕ್ರಿಯೆಗಳ ಸರದಿಯನ್ನು ಅಳೆಯಲೆಂದು ಹುಟ್ಟಿದ ಈ ಪರೀಕ್ಷೆ ಸ್ಲ್ಯಾಬ್ ಹಂಚಿಕೆಯನ್ನೂ ಚೆನ್ನಾಗಿ ಒರೆಗೆ ಹಚ್ಚುತ್ತದೆ. ಒಂಬತ್ತು ಸಲ ಓಡಿಸಿದಾಗ ಬಂದ ಸರಾಸರಿ 9.135 ಸೆಕೆಂಡ್. ಭರತ ರಾವ್ ಅವರ ಬದಲಾವಣೆಯೊಂದನ್ನು ಮಾತ್ರ ಹಿಂತೆಗೆದು ಅದೇ ಯಂತ್ರದಲ್ಲಿ ಮತ್ತೆ ಓಡಿಸಿದಾಗ 3.173 ಸೆಕೆಂಡ್. ಎರಡೂ ಅಳತೆಗಳಲ್ಲಿ ಏರಿಳಿತ ಶೇಕಡಾ ಅರ್ಧಕ್ಕಿಂತ ಕಡಿಮೆಯಿದ್ದುದರಿಂದ ಇದು ಆಕಸ್ಮಿಕವೆಂದು ತಳ್ಳಿಹಾಕುವ ಪ್ರಶ್ನೆಯೇ ಇರಲಿಲ್ಲ. 8 ಪ್ರೊಸೆಸರ್‌ಗಳ ಚಿಕ್ಕ ಯಂತ್ರದಲ್ಲಿಯೂ ನಿಧಾನಗತಿ ಕಂಡಿತಾದರೂ ಅದರ ಪ್ರಮಾಣ ಬಹಳ ಕಡಿಮೆಯಿತ್ತು.

ಅದೇ ದಿನಗಳಲ್ಲಿ ಸೂಸೆ ಸಂಸ್ಥೆಯ ಮೆಲ್ ಗೋರ್ಮನ್ ಇಂಟೆಲ್ ಮಾದರಿಯ ಯಂತ್ರದಲ್ಲಿ ಶೇಕಡಾ 7ರಿಂದ 32ರವರೆಗಿನ ನಷ್ಟವನ್ನು ಸ್ವತಂತ್ರವಾಗಿ ಕಂಡಿದ್ದರು. ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 512 ಬೈಟ್‌ಗಳ ವಸ್ತುಗಳ ಸ್ಲ್ಯಾಬ್ ಬದಲಾವಣೆಗೆ ಮುಂಚೆ ನಾಲ್ಕು ಪುಟಗಳದ್ದಾಗಿದ್ದುದು ಬದಲಾವಣೆಯ ನಂತರ ಒಂದೇ ಪುಟಕ್ಕೆ ಇಳಿದಿದೆಯೆಂದೂ, ಪುಟಗಳ ಸಂಗ್ರಹದ ಬಾಗಿಲಲ್ಲಿ ಲಾಕ್‌ಗಾಗಿ ಪೈಪೋಟಿ ಹೆಚ್ಚಿದೆಯೆಂದೂ ತೋರಿಸಿಕೊಟ್ಟರು.

ಕಾರಣವನ್ನು ಒಂದೇ ಬದಲಾವಣೆಗೆ ಹೀಗೆ ಬೊಟ್ಟುಮಾಡಿ ತೋರಿಸಲು ಕರ್ನೆಲ್ ಎಂಜಿನಿಯರುಗಳು ಬಳಸುವ ವಿಧಾನಕ್ಕೆ ಬೈಸೆಕ್ಟ್ ಎಂದು ಹೆಸರು. ಒಂದು ಆವೃತ್ತಿಯಿಂದ ಮುಂದಿನದಕ್ಕೆ ಹತ್ತು ಸಾವಿರಕ್ಕೂ ಮೀರಿದ ಬದಲಾವಣೆಗಳಾಗುತ್ತವೆ. ಅವುಗಳನ್ನು ಒಂದೊಂದಾಗಿ ಪರೀಕ್ಷಿಸುತ್ತ ಕುಳಿತರೆ ತಿಂಗಳುಗಳೇ ಸಾಲವು. ಅದಕ್ಕಾಗಿ ವೇಗವಾಗಿದ್ದ ಹಳೆಯ ಸ್ಥಿತಿಗೂ ನಿಧಾನವಾಗಿರುವ ಹೊಸ ಸ್ಥಿತಿಗೂ ಸರಿಯಾಗಿ ನಡುವಿನ ಹಂತವನ್ನು ಕಟ್ಟಿ ಅಳೆಯುತ್ತಾರೆ. ಅದು ವೇಗವಾಗಿದ್ದರೆ ದೋಷ ಎರಡನೆಯ ಅರ್ಧದಲ್ಲಿ, ನಿಧಾನವಾಗಿದ್ದರೆ ಮೊದಲನೆಯ ಅರ್ಧದಲ್ಲಿ. ಹೀಗೆ ಪ್ರತಿ ಸಲವೂ ಅರ್ಧಕ್ಕೆ ಇಳಿಸುತ್ತ ಹೋದರೆ 16,384 ಬದಲಾವಣೆಗಳ ನಡುವಿನಿಂದಲೂ ಹದಿನಾಲ್ಕೇ ಪರೀಕ್ಷೆಗಳಲ್ಲಿ ಒಂದನ್ನು ಹೆಕ್ಕಿ ತೆಗೆಯಬಹುದು.

ಅನುಮಾನವನ್ನು ಹಂತಹಂತವಾಗಿ ಕಿರಿದುಗೊಳಿಸುತ್ತ ಕಾರಣವನ್ನು ಹಿಡಿಯುವ ಈ ಶಿಸ್ತು ವಿಜ್ಞಾನದಲ್ಲಿ ಹಳೆಯದೇ. ಹೈದರಾಬಾದಿನ ಬೇಗಂಪೇಟೆಯಲ್ಲಿ ಇಂದಿಗೂ ನಿಂತಿರುವ ಕಟ್ಟಡವೊಂದರಲ್ಲಿ ವೈದ್ಯ ರೊನಾಲ್ಡ್ ರಾಸ್, ಮಲೇರಿಯಾ ರೋಗಿಯ ರಕ್ತ ಹೀರಿದ ಸೊಳ್ಳೆಗಳನ್ನು ಒಂದರ ಮೇಲೊಂದರಂತೆ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತ, ಸಂಬಂಧವಿಲ್ಲದ ಜಾತಿಗಳನ್ನು ಬದಿಗೆ ಸರಿಸುತ್ತ, 1897ರ ಆಗಸ್ಟ್ 20ರಂದು ಅನಾಫಿಲಿಸ್ ಸೊಳ್ಳೆಯ ಜಠರದ ಗೋಡೆಯಲ್ಲಿ ಮಲೇರಿಯಾ ಪರೋಪಜೀವಿಯನ್ನು ಕಂಡರು. 1902ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಜೌಗು ನೆಲದ ಕೆಟ್ಟ ಗಾಳಿಯೇ ಜ್ವರಕ್ಕೆ ಕಾರಣವೆಂಬ ನಂಬಿಕೆ ಇರುವವರೆಗೆ ರೋಗ ಹರಡುವ ಬಗೆ ತಿಳಿಯದಿದ್ದಂತೆ, ಯಂತ್ರ ಹಳೆಯದಾಯಿತೆಂಬ ಊಹೆಯ ಮೇಲೆ ಹೊಸ ಯಂತ್ರ ಕೊಳ್ಳುವುದರಿಂದ ಕರ್ನೆಲ್‌ನ ಒಳಗಿನ ನಿಧಾನಗತಿ ವಾಸಿಯಾಗುವುದಿಲ್ಲ.

ಎಣಿಕೆ ತಪ್ಪಿದ್ದೆಲ್ಲಿ

ಕಾರಣವಾದ ಬದಲಾವಣೆ ಸಿಕ್ಕಿತಾದರೂ ಪ್ರಶ್ನೆ ಉಳಿದಿತ್ತು: 224 ಪ್ರೊಸೆಸರ್‌ಗಳೂ ಚಾಲನೆಯಲ್ಲಿರುವ ಯಂತ್ರದಲ್ಲಿ ಚಾಲನೆಯಲ್ಲಿರುವವುಗಳನ್ನು ಎಣಿಸಿದರೆ 224 ಎಂದೇ ಬರಬೇಕಲ್ಲವೆ? ಉತ್ತರ ಇದ್ದುದು ಎಣಿಸುವ ಹೊತ್ತಿನಲ್ಲಿ. ಯಂತ್ರಕ್ಕೆ ವಿದ್ಯುತ್ ಹರಿದಾಗ ಮೊದಲು ಎಚ್ಚರಗೊಳ್ಳುವುದು ಒಂದೇ ಪ್ರೊಸೆಸರ್. ಅದು ಕರ್ನೆಲ್‌ಗೆ ಬೇಕಾದ ಮೂಲ ವ್ಯವಸ್ಥೆಗಳನ್ನೆಲ್ಲ ಅಣಿಗೊಳಿಸಿದ ಮೇಲೆ ಉಳಿದವುಗಳನ್ನು ಒಂದೊಂದಾಗಿ ಎಬ್ಬಿಸುತ್ತದೆ. ಆ ಮೂಲ ವ್ಯವಸ್ಥೆಗಳಲ್ಲಿ ಸ್ಲ್ಯಾಬ್ ಹಂಚಿಕೆಯೂ ಒಂದು, ಏಕೆಂದರೆ ಅದಿಲ್ಲದೆ ಇತರ ಪ್ರೊಸೆಸರ್‌ಗಳನ್ನು ಎಬ್ಬಿಸುವ ಸಿದ್ಧತೆಯೇ ನಡೆಯದು. ಆದ್ದರಿಂದ ಅತಿ ಹೆಚ್ಚು ಬಳಕೆಯ ವಸ್ತುಗಳ ಸ್ಲ್ಯಾಬ್ ಗಾತ್ರ ನಿರ್ಧಾರವಾಗುವ ಹೊತ್ತಿಗೆ ಚಾಲನೆಯಲ್ಲಿರುವುದು ಒಂದೇ ಪ್ರೊಸೆಸರ್. ಸೂತ್ರಕ್ಕೆ ಸಿಗುವ ಸಂಖ್ಯೆ 1, ಬರುವ ಉತ್ತರ 8. ಬೆಳಗಿನ ಜಾವ ಉಗ್ರಾಣದ ಬೀಗ ತೆಗೆದವನೊಬ್ಬನನ್ನೇ ಲೆಕ್ಕ ಹಿಡಿದು ಪಾತ್ರೆಗಳನ್ನು ಆರಿಸಿದಂತಾಯಿತು. ಊಟದ ಹೊತ್ತಿಗೆ ಇನ್ನೂರು ಮಂದಿ ಬಂದರೂ ಕೈಗೆ ಸಿಗುವುದು ಆ ಚಿಕ್ಕ ಪಾತ್ರೆಗಳೇ.

ಒಮ್ಮೆ ನಿರ್ಧಾರವಾದ ಗಾತ್ರವನ್ನು ಆಮೇಲೆ ಬದಲಿಸಬಾರದೇಕೆ ಎಂಬ ಪ್ರಶ್ನೆಗೂ ಉತ್ತರವಿತ್ತು. ಯಂತ್ರ ಓಡುತ್ತಿರುವಾಗಲೇ ಸ್ಲ್ಯಾಬ್ ಗಾತ್ರವನ್ನು ಬದಲಿಸುವ ಸೌಲಭ್ಯ ಹಿಂದೆ ಇದ್ದದ್ದು ಅಪಾಯಕಾರಿಯೆಂದು ರುಜುವಾತಾಗಿ, ಅದನ್ನು ತೆಗೆದುಹಾಕಲಾಗಿತ್ತು. ಒಂದು ಪ್ರೊಸೆಸರ್ ಹಳೆಯ ಗಾತ್ರವನ್ನು ನಂಬಿ ಕೆಲಸ ಮಾಡುತ್ತಿರುವಾಗಲೇ ಇನ್ನೊಂದು ಗಾತ್ರವನ್ನು ಬದಲಿಸಿದರೆ ಆಗುವ ಹಾನಿ ನಿಧಾನಗತಿಗಿಂತ ಎಷ್ಟೋ ಕೆಟ್ಟದ್ದು. ಬಿಡುಗಡೆಗೆ ಕೆಲವೇ ವಾರಗಳು ಉಳಿದಿದ್ದಾಗ ಅಂಥ ಸಾಹಸಕ್ಕೆ ಕೈಹಾಕುವುದು ಸಾಧುವಾಗಿರಲಿಲ್ಲ.

ಬದಲಾವಣೆಯನ್ನು ಸಾರಾಸಗಟಾಗಿ ಹಿಂತೆಗೆದರೆ ಪವರ್ ಯಂತ್ರಗಳಲ್ಲಿ ಮೆಮೊರಿ ಮತ್ತೆ ಪೋಲಾಗುತ್ತಿತ್ತು. ಚಾಲನೆಯಲ್ಲಿರುವ ಸಂಖ್ಯೆಯ ಬದಲು ಯಂತ್ರದಲ್ಲಿ ವಾಸ್ತವವಾಗಿ ಇರುವ ಸಂಖ್ಯೆಯನ್ನು ಬಳಸಿದರೆ ಪವರ್ ಯಂತ್ರಗಳಿಗೆ ಅನುಕೂಲವಾಗುತ್ತಿತ್ತು, ಏಕೆಂದರೆ ಅವುಗಳಲ್ಲಿ ಆ ಸಂಖ್ಯೆ ಆರಂಭದಲ್ಲಿಯೇ ಗೊತ್ತಿರುತ್ತದೆ. ಆದರೆ ಆರ್ಮ್ ಯಂತ್ರಗಳಲ್ಲಿ ಸ್ಲ್ಯಾಬ್ ಸಿದ್ಧವಾಗುವ ಹೊತ್ತಿಗೆ ಅದೂ 1 ಎಂದೇ ಇರುತ್ತದೆ. ಸೂಸೆಯ ವ್ಲಾಸ್ತಿಮಿಲ್ ಬಾಬ್ಕಾ ಬರೆದ ಪರಿಹಾರ ಈ ಇಕ್ಕಟ್ಟಿನ ನಡುವೆ ದಾರಿ ಬಿಡಿಸಿತು. ಯಂತ್ರದಲ್ಲಿರುವ ಪ್ರೊಸೆಸರ್‌ಗಳ ಸಂಖ್ಯೆ ಒಂದಕ್ಕಿಂತ ಹೆಚ್ಚೆಂದು ಕಂಡುಬಂದರೆ ಆ ಬಗೆಯ ಯಂತ್ರ ಸರಿಯಾದ ಲೆಕ್ಕ ಕೊಡುತ್ತಿದೆಯೆಂದು ನಂಬಿ ಅದನ್ನೇ ಬಳಸಬೇಕು. 1 ಎಂದು ಕಂಡುಬಂದರೆ ಅದನ್ನು ನಂಬದೆ ಹಳೆಯ ಕ್ರಮದಂತೆ ಸಾಧ್ಯ ಸಂಖ್ಯೆಗೆ ಮರಳಬೇಕು. ಕೆಲವೇ ಸಾಲುಗಳ ಈ ತಿದ್ದುಪಡಿಯಿಂದ ಆರ್ಮ್ ಮತ್ತು ಇಂಟೆಲ್ ಯಂತ್ರಗಳ ವೇಗ ಮರಳಿತು, ಪವರ್ ಯಂತ್ರಗಳ ಉಳಿತಾಯವೂ ಉಳಿಯಿತು. 2021ರ ಫೆಬ್ರವರಿ 14ರಂದು 5.11ನೆಯ ಆವೃತ್ತಿ ಬಿಡುಗಡೆಯಾಗುವ ಮುನ್ನವೇ ಇದು ಸೇರಿದ್ದರಿಂದ, ಪರೀಕ್ಷಾ ಆವೃತ್ತಿಗಳನ್ನು ಓಡಿಸಿದವರನ್ನು ಬಿಟ್ಟರೆ ಈ ನಿಧಾನಗತಿಯ ಬಿಸಿ ಬೇರಾರಿಗೂ ತಟ್ಟಲಿಲ್ಲ.

ತಿದ್ದುಪಡಿ ಎಷ್ಟು ಚಿಕ್ಕದೋ ಅದರ ಜೊತೆಗಿರುವ ವಿವರಣೆ ಅಷ್ಟೇ ದೀರ್ಘವಾಗಿದೆ. ಮೂಲ ಬದಲಾವಣೆಯ ಉದ್ದೇಶ, ದೂರುಗಳ ಅಂಕಿಗಳು, ಕೈಬಿಟ್ಟ ಪರಿಹಾರಗಳು ಮತ್ತು ಅವುಗಳನ್ನು ಕೈಬಿಟ್ಟದ್ದೇಕೆಂಬುದು ಎಲ್ಲವೂ ಅದರಲ್ಲಿ ದಾಖಲಾಗಿವೆ. ಇರುವ ಪ್ರೊಸೆಸರ್ 1 ಎಂದು ತೋರಿಸುತ್ತಲೇ ಸಾಧ್ಯ ಸಂಖ್ಯೆಯನ್ನು ಉಬ್ಬಿಸಿ ಹೇಳುವ ಯಂತ್ರಗಳು ಎಲ್ಲಾದರೂ ಇದ್ದರೆ ಅವುಗಳಿಗೆ ಈ ತಿದ್ದುಪಡಿಯಿಂದ ಪ್ರಯೋಜನವಿಲ್ಲವೆಂಬ ಮಿತಿಯನ್ನೂ ಬಾಬ್ಕಾ ಮುಚ್ಚಿಡದೆ ಬರೆದಿದ್ದಾರೆ. ಮುಂದೆ ಅದೇ ವರ್ಷ ಮೆಲ್ ಗೋರ್ಮನ್, ಅಲ್ಲಿಯವರೆಗೆ ಒಂಟಿ ಪುಟಗಳನ್ನು ಮಾತ್ರ ಪ್ರತಿಯೊಂದು ಪ್ರೊಸೆಸರ್‌ನ ಬಳಿ ಕಾದಿರಿಸುತ್ತಿದ್ದ ಕ್ರಮವನ್ನು ಪುಟಗಳ ಗುಂಪುಗಳಿಗೂ ವಿಸ್ತರಿಸಿ, ಉಗ್ರಾಣದ ಬಾಗಿಲಿನ ನುಗ್ಗಲನ್ನು ಮೂಲದಲ್ಲಿಯೇ ತಗ್ಗಿಸಿದರು.

ಎರಡು ಮೆಗಾಬೈಟ್‌ನ ಗಡಿ

ಊಹೆ ಮತ್ತು ಅಳತೆಯ ಈ ಜಗ್ಗಾಟ ಒಂದೇ ಪ್ರಸಂಗಕ್ಕೆ ಮುಗಿಯುವಂಥದ್ದಲ್ಲವೆಂಬುದನ್ನು 2024ರ ಘಟನೆಯೊಂದು ತೋರಿಸಿತು. ದೊಡ್ಡ ತಂತ್ರಾಂಶಗಳಿಗೆ 4 ಕಿಲೋಬೈಟ್‌ನ ಪುಟಗಳ ಬದಲು 2 ಮೆಗಾಬೈಟ್‌ನ ಹಿರಿಯ ಪುಟಗಳನ್ನು ಕೊಟ್ಟರೆ ವಿಳಾಸಗಳನ್ನು ಹುಡುಕುವ ಶ್ರಮ ಉಳಿಯುತ್ತದೆ. ಆದರೆ ಹಿರಿಯ ಪುಟ 2 ಮೆಗಾಬೈಟ್‌ನ ಗಡಿಯಿಂದಲೇ ಆರಂಭವಾಗಬೇಕು. ಅದಕ್ಕಾಗಿ 2 ಮೆಗಾಬೈಟ್ ಅಥವಾ ಅದಕ್ಕಿಂತ ಹೆಚ್ಚು ಮೆಮೊರಿ ಕೇಳಿದವರಿಗೆಲ್ಲ ಗಡಿಗೆ ಸರಿಯಾಗಿ ಜಾಗ ಕೊಡುವ ರಿಕ್ ವಾನ್ ರೀಲ್ ಅವರ ಬದಲಾವಣೆ 2024ರ ಜನವರಿಯಲ್ಲಿ ಬಿಡುಗಡೆಯಾದ 6.7ನೆಯ ಆವೃತ್ತಿಯಲ್ಲಿ ಬಂತು.

ಐನ್‌ಸ್ಟೈನರ ಗುರುತ್ವ ಸಮೀಕರಣಗಳನ್ನು ಬಿಡಿಸುವ ಕಾಕ್ಟಸ್ ಎಂಬ ಪರೀಕ್ಷಾ ತಂತ್ರಾಂಶ ಒಂದೊಂದು ಸಲಕ್ಕೆ 4632 ಕಿಲೋಬೈಟ್‌ನಂತೆ ಹಲವು ತುಂಡುಗಳನ್ನು ಕೇಳುತ್ತದೆ. ಮುಂಚೆ ಆ ತುಂಡುಗಳು ಒಂದಕ್ಕೊಂದು ಅಂಟಿಕೊಂಡು ಒಂದೇ ದೊಡ್ಡ ಪ್ರದೇಶವಾಗಿ, ಹಿರಿಯ ಪುಟಗಳ ಲಾಭ ತಾನಾಗಿಯೇ ದೊರೆಯುತ್ತಿತ್ತು. ಹೊಸ ಕ್ರಮದಲ್ಲಿ ಪ್ರತಿಯೊಂದು ತುಂಡೂ ಗಡಿಯಿಂದ ಆರಂಭವಾಗಬೇಕಾದ್ದರಿಂದ, ಎರಡೂಕಾಲು ಹಿರಿಯ ಪುಟಗಳಷ್ಟಿರುವ ತುಂಡು ಮೂರು ಪುಟಗಳ ಜಾಗ ಹಿಡಿದು, ನಡುವೆ 1512 ಕಿಲೋಬೈಟ್‌ನ ಬಿರುಕು ಉಳಿಯತೊಡಗಿತು. ಅಷ್ಟೇ ಅಲ್ಲದೆ ತುಂಡುಗಳೆಲ್ಲ ಒಂದೇ ಬಗೆಯ ಗಡಿಯಿಂದ ಆರಂಭವಾದ್ದರಿಂದ, ಈಚೆಗೆ ಬಳಸಿದ ಮಾಹಿತಿಯನ್ನು ಕೈಗೆಟಕುವಂತೆ ಇಟ್ಟುಕೊಳ್ಳುವ ಪ್ರೊಸೆಸರ್‌ನ ಕ್ಯಾಶ್‌ನಲ್ಲಿ ಅವೆಲ್ಲ ಒಂದೇ ಜಾಗಕ್ಕೆ ಪೈಪೋಟಿ ನಡೆಸಿ ಒಂದನ್ನೊಂದು ಹೊರದಬ್ಬತೊಡಗಿದವು. ಕೆಲವು ಯಂತ್ರಗಳಲ್ಲಿ ನಿಧಾನಗತಿ ಶೇಕಡಾ 600ರವರೆಗೆ ಮುಟ್ಟಿತು. ಛಾಯಾಚಿತ್ರಗಳನ್ನು ಸಂಸ್ಕರಿಸುವ ಡಾರ್ಕ್‌ಟೇಬಲ್ ತಂತ್ರಾಂಶವೂ ನಿಧಾನವಾಯಿತು.

ಇಲ್ಲಿಯೂ ಪರಿಹಾರ ಬರೆದವರು ಬಾಬ್ಕಾ. ಕೇಳಿದ ಮೆಮೊರಿ 2 ಮೆಗಾಬೈಟ್‌ಗಿಂತ ಕಡಿಮೆಯಿರಬಾರದೆಂಬ ನಿಬಂಧನೆಯನ್ನು, ಅದು 2 ಮೆಗಾಬೈಟ್‌ನ ಸರಿಯಾದ ಮಡಿಯಾಗಿರಬೇಕೆಂದು ಬಿಗಿಗೊಳಿಸಿದ್ದಷ್ಟೇ ಅವರು ಮಾಡಿದ್ದು. 4632 ಕಿಲೋಬೈಟ್‌ನಂಥ ತುಂಡುಗಳು ಮತ್ತೆ ಮೊದಲಿನಂತೆ ಅಂಟಿಕೊಂಡವು. 2024ರ ನವೆಂಬರ್‌ನ 6.12ನೆಯ ಆವೃತ್ತಿಯಲ್ಲಿ ಇದು ಸೇರಿದಾಗ ಇಂಟೆಲ್ ನಡೆಸುವ ಸ್ವಯಂಚಾಲಿತ ಪರೀಕ್ಷಾ ವ್ಯವಸ್ಥೆ ಒಂದು ಪರೀಕ್ಷೆಯಲ್ಲಿ ಶೇಕಡಾ 3888.9ರಷ್ಟು ಸುಧಾರಣೆಯನ್ನು ದಾಖಲಿಸಿತು. ಈ ಅಂಕಿ ಸುದ್ದಿಯಾಯಿತಾದರೂ ಅದು ಮೆಮೊರಿ ಹಂಚಿಕೆಯೊಂದನ್ನೇ ಅಳೆಯುವ ಕೃತಕ ಪರೀಕ್ಷೆಯದು; ನಿತ್ಯದ ಬಳಕೆಯ ಯಂತ್ರ ನಲವತ್ತು ಪಟ್ಟು ವೇಗವಾಗುತ್ತದೆಂದು ಅದರಿಂದ ತಿಳಿಯಬಾರದು.

ಯಾರಿಗೆ ಸಂಬಂಧಿಸಿದ ವಿಷಯ

ಇಂಥ ತಿದ್ದುಪಡಿಗಳು ತಜ್ಞರ ಅಂಗಳಕ್ಕೆ ಸೀಮಿತವೆಂದು ತೋರಿದರೂ ಅವುಗಳ ಪರಿಣಾಮ ಸಾಮಾನ್ಯರ ಜೇಬಿನವರೆಗೂ ಬರುತ್ತದೆ. ಇಂದು ಬ್ಯಾಂಕು, ಆಸ್ಪತ್ರೆ, ಸರ್ಕಾರಿ ಕಚೇರಿಗಳ ಹಲವು ಸೇವೆಗಳು ಬಾಡಿಗೆಗೆ ಪಡೆದ ಕ್ಲೌಡ್ ಸರ್ವರ್‌ಗಳಲ್ಲಿ ನಡೆಯುತ್ತವೆ, ಬಾಡಿಗೆಯನ್ನು ಬಳಸಿದ ಹೊತ್ತಿಗೆ ತಕ್ಕಂತೆ ಕೊಡಲಾಗುತ್ತದೆ. ಕೆಲಸಕ್ಕೆ ಮೂರು ಪಟ್ಟು ಹೊತ್ತು ಹಿಡಿದರೆ ವೆಚ್ಚವೂ ವಿದ್ಯುತ್ ಬಳಕೆಯೂ ಏರುತ್ತವೆ. ಲಿನಕ್ಸ್ ಬಳಸದವರಿಗೂ ಇದು ಹೊರಗಿನ ವಿಷಯವಲ್ಲ. ಸತ್ಯ ನಾದೆಲ್ಲ 2014ರಲ್ಲಿ ಮುಖ್ಯಸ್ಥರಾದ ಮೇಲೆ, ಒಂದು ಕಾಲಕ್ಕೆ ಲಿನಕ್ಸ್‌ನ ಪ್ರತಿಸ್ಪರ್ಧಿಯಾಗಿದ್ದ ಮೈಕ್ರೋಸಾಫ್ಟ್ 2016ರಲ್ಲಿ ಲಿನಕ್ಸ್ ಫೌಂಡೇಶನ್ನಿನ ಸದಸ್ಯತ್ವ ಪಡೆಯಿತು. ಈಗ ವಿಂಡೋಸ್‌ನ ಒಳಗೇ ಲಿನಕ್ಸ್ ಕರ್ನೆಲ್ ನಡೆಸುವ ಸೌಲಭ್ಯವನ್ನೂ ಕೊಡುತ್ತಿದೆ. ಹೀಗಾಗಿ ಲಿನಕ್ಸ್‌ನ ಮೆಮೊರಿ ನಿರ್ವಹಣೆಯ ಒಂದು ಸಾಲು ಕೆಟ್ಟರೂ ಸರಿಹೋದರೂ ಅದರ ಫಲ ವಿಂಡೋಸ್ ಬಳಸುವವರಿಗೂ ತಲುಪುತ್ತದೆ.

ಈ ಕೆಲಸದಲ್ಲಿ ಭಾರತದ ಪಾಲು ಸಣ್ಣದಲ್ಲ. ಪ್ರಕ್ರಿಯೆಗಳ ಒಂದೊಂದು ಗುಂಪಿಗೂ ಮೆಮೊರಿಯ ಮಿತಿ ಹಾಕುವ, ಇಂದು ಕಂಟೇನರ್‌ಗಳೆಂಬ ಕ್ಲೌಡ್ ತಂತ್ರಜ್ಞಾನಕ್ಕೆ ಆಧಾರವಾಗಿರುವ ವ್ಯವಸ್ಥೆ 2008ರಲ್ಲಿ ಲಿನಕ್ಸ್‌ಗೆ ಸೇರಿದ್ದು ಬೆಂಗಳೂರಿನ ಐಬಿಎಂ ತಂಡದಲ್ಲಿದ್ದ ಬಲಬೀರ್ ಸಿಂಗ್ ಮತ್ತು ರಷ್ಯಾದ ಪಾವೆಲ್ ಎಮೆಲ್ಯಾನೊವ್ ಅವರ ಶ್ರಮದಿಂದ. ಆದರೂ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಆಪರೇಟಿಂಗ್ ಸಿಸ್ಟಂ ವಿಷಯವನ್ನು ಪಠ್ಯಪುಸ್ತಕದ ಚಿತ್ರಗಳಿಂದ ಕಲಿಸಿ ಪರೀಕ್ಷೆಗೆ ಅಣಿಗೊಳಿಸುವುದೇ ಹೆಚ್ಚು. ಕರ್ನೆಲನ್ನು ತಾವೇ ಕಟ್ಟಿ, ಓಡಿಸಿ, ಅಳೆದು ನೋಡಿದ ವಿದ್ಯಾರ್ಥಿಗಳು ಕಡಿಮೆ. ಲಿನಕ್ಸ್‌ನ ಕೋಡ್ ಉಚಿತವಾಗಿ ದೊರೆಯುತ್ತದೆ, ಅದರ ಪ್ರತಿಯೊಂದು ಬದಲಾವಣೆಯ ಹಿಂದಿನ ವಾದವಿವಾದವೂ ತೆರೆದ ಪುಸ್ತಕದಂತಿದೆ, ಬೈಸೆಕ್ಟ್ ಮಾಡಲು ಸಾಧಾರಣ ಲ್ಯಾಪ್‌ಟಾಪ್ ಸಾಕು. ಕರ್ನಾಟಕದ ಕಾಲೇಜುಗಳು 5.11ನೆಯ ಆವೃತ್ತಿಯ ಈ ಪ್ರಸಂಗವನ್ನು ಪ್ರಯೋಗಾಲಯದ ಪಾಠವಾಗಿ ತೆಗೆದುಕೊಂಡು, ವಿದ್ಯಾರ್ಥಿಗಳಿಂದಲೇ ನಿಧಾನಗತಿಯನ್ನು ಮರುಸೃಷ್ಟಿಸಿ, ಕಾರಣ ಹುಡುಕಿಸಿ, ಪರಿಹಾರದ ವಿವರಣೆಯನ್ನು ಸ್ವಂತ ಮಾತಿನಲ್ಲಿ ಬರೆಸಬೇಕು; ಅಳೆಯಲು ಮತ್ತು ಅಳೆದದ್ದನ್ನು ಪ್ರಾಮಾಣಿಕವಾಗಿ ಬರೆದು ತಿಳಿಸಲು ಕಲಿತವರಿಗೆ ಈ ಕ್ಷೇತ್ರದಲ್ಲಿ ಯಾವ ಊರಿನವರೆಂಬ ಪ್ರಶ್ನೆ ಅಡ್ಡಬರುವುದಿಲ್ಲ.